ಪೆಪ್ಪರ್‌ಮಿಂಟ್ ಕಾಗದದ ಸದ್ದು

ಅತ್ತೆ ಸೊಸೆಗೆ ಕಾಟ ಕೊಡುವುದು ಲೋಕದಲ್ಲಿ ಹೊಸ ಸಂಗತಿಯೇನಲ್ಲ. ನಮ್ಮ ಮನೆಯಲ್ಲಿ ಮಾತ್ರ ಅದಕ್ಕೆ ತಿಂಗಳಿಗೆ ಸರಿಯಾಗಿ ಸಂಬಳ ಬರುತ್ತಿತ್ತು.

ನನ್ನ ಅಮ್ಮ ಗಗನಯಾತ್ರಿಗಳಿಗೆ ತಾಲೀಮು ಕೊಡುವವಳು. ನನ್ನ ಹೆಂಡತಿ ಗಗನನೌಕೆ ನಡೆಸುವವಳು. ಇಬ್ಬರ ನಡುವೆ ನಾನು, ಹಲ್ಲಿನ ಡಾಕ್ಟರು. ಹೋದಲ್ಲೆಲ್ಲ ಜನ ಅವರಿಬ್ಬರ ವಿಚಾರ ಕೇಳಿ ಮುಗಿಸಿದ ಮೇಲೆ, ಪಾಪ ಅನ್ನಿಸಿ, "ನೀವೇನು ಮಾಡ್ತೀರಿ?" ಎಂದು ನನ್ನನ್ನೂ ಕೇಳುತ್ತಿದ್ದರು. ಹಲ್ಲು ಕೀಳ್ತೀನಿ ಅನ್ನುತ್ತಿದ್ದೆ. ಮಾತು ಅಲ್ಲಿಗೆ ನಿಂತುಬಿಡುತ್ತಿತ್ತು.

ಅಮ್ಮನ ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ. ಒಂದು ದೊಡ್ಡ ಶೆಡ್ಡಿನೊಳಗೆ ನೌಕೆಯ ಮುಂಭಾಗದ ಹಾಗೆಯೇ ಇರುವ ಪೆಟ್ಟಿಗೆಯೊಂದಿದೆ. ಅದಕ್ಕೆ ಸಿಮ್ಯುಲೇಟರ್ ಅನ್ನುತ್ತಾರೆ. ಒಳಗೆ ಅದೇ ಸೀಟು, ಅದೇ ಗುಂಡಿಗಳು, ಅದೇ ಪರದೆಗಳು. ಕಿಟಕಿಯ ಜಾಗದಲ್ಲಿ ಭೂಮಿ ಉರುಳುತ್ತದೆ, ದೂರದಲ್ಲಿ ಬಾಹ್ಯಾಕಾಶ ನಿಲ್ದಾಣ ಹೊಳೆಯುತ್ತದೆ. ಒಳಗೆ ಕೂತವರು ತೇಲುವುದಿಲ್ಲ ಅನ್ನುವುದೊಂದು ಬಿಟ್ಟರೆ ಉಳಿದದ್ದೆಲ್ಲ ಮೇಲಿನ ಹಾಗೆಯೇ. ಅಮ್ಮ ಗಾಜಿನ ಆಚೆ ತನ್ನ ಮೇಜಿನ ಮುಂದೆ ಕೂತು ಒಂದೊಂದೇ ಕೆಡಿಸುತ್ತಾ ಬರುತ್ತಾಳೆ. ಇಂಧನದ ಕವಾಟ ಅಂಟಿಕೊಳ್ಳುವ ಹಾಗೆ ಮಾಡುತ್ತಾಳೆ. ಗಾಳಿ ಸೋರಿಸುತ್ತಾಳೆ. ದಿಕ್ಕು ಹೇಳುವ ಯಂತ್ರಕ್ಕೆ ಮರುಳು ಹಿಡಿಸುತ್ತಾಳೆ. ಒಳಗಿದ್ದವರು ಬೆವರು ಸುರಿಸಿ ಅದನ್ನೆಲ್ಲ ಸರಿಮಾಡಿಕೊಂಡು ನಿಲ್ದಾಣಕ್ಕೆ ನೌಕೆಯನ್ನು ಜೋಡಿಸಬೇಕು. ಜೋಡಿಸಿ ಉಸಿರು ಬಿಡುವಷ್ಟರಲ್ಲಿ ಅಮ್ಮನ ದನಿ ಕಿವಿಯೊಳಗೆ ಬರುತ್ತದೆ: "ಇನ್ನೊಂದ್ಸಲ."

ಅಷ್ಟೇ. "ಶಭಾಷ್" ಇಲ್ಲ, "ಪರವಾಗಿಲ್ಲ" ಅನ್ನುವುದೂ ಇಲ್ಲ. ಸತ್ತರೂ ಇನ್ನೊಂದ್ಸಲ, ಬದುಕಿದರೂ ಇನ್ನೊಂದ್ಸಲ. ಹಿಂದಿನಿಂದ ಎಲ್ಲರೂ ಅವಳನ್ನು ಶನಿ ಅನ್ನುತ್ತಿದ್ದರು. ಅವಳಿಗೂ ಅದು ಗೊತ್ತಿತ್ತು. "ಗ್ರಹದ ಹೆಸರು ತಾನೇ, ನಮ್ಮ ಕೆಲಸಕ್ಕೆ ಹೊಂದುತ್ತೆ" ಎಂದು ಚಹಾ ಹೀರುತ್ತಿದ್ದಳು.

ನನ್ನ ಹೆಂಡತಿ ಮದುವೆಗೆ ಮುಂಚೆಯೇ ಅವಳ ಕೈಯಲ್ಲಿ ಪಳಗುತ್ತಿದ್ದಳು. ನಾನು ಅವಳನ್ನು ಮೊದಲು ನೋಡಿದ್ದೂ ಅದೇ ಶೆಡ್ಡಿನ ಬಾಗಿಲಲ್ಲಿ. ಅಮ್ಮನಿಗೆ ಊಟದ ಡಬ್ಬಿ ಕೊಡಲು ಹೋಗಿದ್ದೆ, ಅವಳು ಒಳಗಿನಿಂದ ಅಳುಮುಖ ಮಾಡಿಕೊಂಡು ಬಂದಳು. "ಒಳಗಿರೋರು ನಿಮಗೇನಾಗ್ಬೇಕು?" ಅಂದಳು. ಅಮ್ಮ ಅಂದೆ. "ಅಯ್ಯೋ ಪಾಪ" ಅಂದಳು. ನನ್ನ ಜೀವನದಲ್ಲಿ ಅಷ್ಟು ಸರಿಯಾಗಿ ನನ್ನನ್ನು ಅರ್ಥ ಮಾಡಿಕೊಂಡವರು ಮತ್ತೊಬ್ಬರಿಲ್ಲ ಅನ್ನಿಸಿ ಅಲ್ಲೇ ಬಿದ್ದುಹೋದೆ.

ಸೊಸೆಯಾದ ಮೇಲೆ ಅಮ್ಮ ಮೆತ್ತಗಾಗಬಹುದು ಅಂದುಕೊಂಡಿದ್ದರೆ ಅದು ನನ್ನ ದಡ್ಡತನ. ಮನೆಯವಳು ಅಂತ ಕೈ ಬಿಗಿ ಸಡಿಲ ಮಾಡಿದಳು ಎಂದು ಯಾರೂ ಬೆರಳು ತೋರಿಸಬಾರದು ಅನ್ನುವ ಹಟ ಅವಳಿಗೆ. ಬೆಳಗ್ಗೆಯಿಂದ ಸಂಜೆಯವರೆಗೆ ಸೊಸೆಯನ್ನು ಅಲ್ಲಿ ಗೋಳು ಹೊಯ್ದುಕೊಳ್ಳುವುದು, ಸಂಜೆ ಒಂದೇ ಕಾರಿನಲ್ಲಿ ಇಬ್ಬರೂ ಬಂದು, ಅಡುಗೆಮನೆಯ ಮೇಜಿಗೆ ಎದುರುಬದುರು ಕೂತು ಬಟಾಣಿ ಸುಲಿಯುವುದು. ಶೆಡ್ಡಿನಲ್ಲಿ ಮೇಡಂ, ಮನೆಯಲ್ಲಿ ಅತ್ತೆ. ಅಲ್ಲಿಯ ಮಾತು ಇಲ್ಲಿಲ್ಲ, ಇಲ್ಲಿಯ ಮಾತು ಅಲ್ಲಿಲ್ಲ. ಅಡಕತ್ತರಿಯಲ್ಲಿ ಸಿಕ್ಕ ಹಾಗೆ ನಡುವೆ ಕೂತಿರುತ್ತಿದ್ದ ನನಗೆ ಮಾತ್ರ ಎರಡು ಕಡೆಯ ಮುಖವೂ ಕಾಣುತ್ತಿತ್ತು.

ನನ್ನ ಹೆಂಡತಿಗೆ ಒಂದೇ ಒಂದು ಆಸೆ ಇತ್ತು. ಅದನ್ನು ಅವಳು ನನಗೊಬ್ಬನಿಗೇ ಹೇಳಿದ್ದಳು. "ಅತ್ತೆ ಒಂದ್ಸಲ ಚೆನ್ನಾಗಿ ಮಾಡ್ದೆ ಅಂತ ಅಂದ್ರೆ ಸಾಕು ಡಾಕ್ಟ್ರೇ. ಮೇಲೆ ಹೋಗೋದು ಬೇಕಾದ್ರೆ ಬಿಟ್ಟುಬಿಡ್ತೀನಿ." ಕೊನೆಯ ಮಾತು ಸುಳ್ಳು, ಮೊದಲಿನದು ನಿಜ.

ಅವಳು ಮೇಲೆ ಹೋದಳು. ಕಮಾಂಡರ್ ಒಬ್ಬ, ಚಾಲಕಿಯಾಗಿ ಇವಳು, ಇಬ್ಬರೇ. ಹೋದ ತಕ್ಷಣ ನಿಲ್ದಾಣ ಸಿಗುವುದಿಲ್ಲ. ಎರಡು ದಿನ ಭೂಮಿ ಸುತ್ತುತ್ತಾ ಅದನ್ನು ಹಿಂಬಾಲಿಸಬೇಕು. ಮುಂದಿರುವುದನ್ನು ಹಿಡಿಯಬೇಕಾದರೆ ಅಲ್ಲಿ ವೇಗ ಹೆಚ್ಚಿಸುವುದಲ್ಲ, ತಗ್ಗಿಸಬೇಕಂತೆ. ತಗ್ಗಿಸಿದರೆ ನೌಕೆ ಕೆಳಗಿನ ದಾರಿಗೆ ಇಳಿಯುತ್ತದೆ, ಕೆಳಗಿನ ಸುತ್ತು ಚಿಕ್ಕದು, ಬೇಗ ಮುಗಿಯುತ್ತದೆ, ಹಾಗೆ ಹತ್ತಿರವಾಗುತ್ತದೆ. ಹೆಂಡತಿ ಇದನ್ನು ನನಗೆ ಬಟಾಣಿ ಕಾಳು ಇಟ್ಟು ತೋರಿಸಿದ್ದಳು. ಅರ್ಥವಾಗಿದೆ ಎಂದು ತಲೆಯಾಡಿಸಿದ್ದೆ.

ಗುಟ್ಟು ರಟ್ಟಾಗಿದ್ದು ಅವಳು ಮೇಲೆ ಹೋದ ಮರುದಿನ ಮಧ್ಯಾಹ್ನ. ರಟ್ಟು ಮಾಡಿದವನು ನಾನೇ.

ಕ್ಲಿನಿಕ್ ಮುಚ್ಚಿಕೊಂಡು ಊಟಕ್ಕೆ ಬಂದಿದ್ದೆ. ಅಮ್ಮನಿಗೆ ರಜೆ. ಅವಳು ತರಬೇತಿ ಕೊಟ್ಟವರು ಮೇಲಿರುವಾಗ ಅವಳಿಗೆ ಕೆಲಸ ಇರುವುದಿಲ್ಲ. ಎದುರಿಗೆ ಕೂತು ಜೇಬಿನಿಂದ ಪೆಪ್ಪರ್‌ಮಿಂಟ್ ತೆಗೆದು ಪರಪರ ಎಂದು ಕಾಗದ ಬಿಚ್ಚಿದಳು. ಈ ಪೆಪ್ಪರ್‌ಮಿಂಟಿನ ಮೇಲೆ ನನಗೆ ಹಳೆಯ ಸಿಟ್ಟು. ಅವಳ ಅರ್ಧ ದವಡೆಯನ್ನು ನಾನೇ ತುಂಬಿಸಿದ್ದೇನೆ.

"ಊಟಕ್ಕೆ ಮುಂಚೆನೂ ಬೇಕಾ ಅದು?" ಅಂದೆ.

"ಬಾಯಿ ಒಣಗುತ್ತೆ ಕಣೋ."

"ನಿನ್ನ ಸೊಸೆಯಿಂದ ಬಚಾವಾದೆ ನೀನು. ಆ ಪೆಪ್ಪರ್‌ಮಿಂಟ್ ಡಬ್ಬೀನ ಹೋದ ವರ್ಷಾನೇ ಎತ್ತಿ ಬಿಸಾಕ್ತಿದ್ದೆ. ಅವಳೇ ಕೈ ಹಿಡ್ಕೊಂಡ್ಳು. ಬೇಡ ಡಾಕ್ಟ್ರೇ, ಅದು ನಮ್ಮ ಗಂಟೆ ಅಂದ್ಳು."

"ಏನು ಗಂಟೆ?"

ಆಗಲಾದರೂ ನಾನು ನಾಲಿಗೆ ಕಚ್ಚಿಕೊಳ್ಳಬೇಕಿತ್ತು. ಹಸಿವಾಗಿತ್ತು, ತಟ್ಟೆ ಮುಂದಿತ್ತು, ಹೇಳಿಬಿಟ್ಟೆ. "ನೀನು ಏನಾದ್ರೂ ಕೆಡಿಸೋಕೆ ಮುಂಚೆ ಒಂದು ಪೆಪ್ಪರ್‌ಮಿಂಟ್ ಬಿಚ್ತೀಯಂತೆ. ಮೈಕಿನಲ್ಲಿ ಕೇಳಿಸುತ್ತಂತೆ ಒಳಗೆ. ಕಾಗದ ಪರಪರ ಅಂತು ಅಂದ್ರೆ ಏನೋ ಬರ್ತಿದೆ ಅಂತ ಎಲ್ಲರೂ ಬೆನ್ನು ನೆಟ್ಟಗೆ ಮಾಡ್ಕೊಂಡು ಕೂರ್ತಾರಂತೆ."

ನಾನು ನಕ್ಕೆ. ಅಮ್ಮ ನಗಲಿಲ್ಲ. ಬಿಚ್ಚಿದ ಪೆಪ್ಪರ್‌ಮಿಂಟ್ ಹಾಗೇ ಅವಳ ಬೆರಳ ತುದಿಯಲ್ಲಿತ್ತು. ಅವಳ ಮುಖದಲ್ಲಿ ಬಣ್ಣವೇ ಇರಲಿಲ್ಲ. ರೋಗಿಗಳು ಸೂಜಿ ಕಂಡಾಗ ಹೀಗಾಗುವುದನ್ನು ದಿನಾ ನೋಡುತ್ತೇನೆ, ಅಮ್ಮನನ್ನು ಹಾಗೆ ನೋಡಿರಲಿಲ್ಲ.

"ಎಲ್ಲ ಸಲಾನೂ?" ಅಂದಳು.

"ಎಲ್ಲ ಸಲಾನೂ ಅಂತ ಅವಳು ಅಂದ ನೆನಪು."

"ಅಂದ್ರೆ ಅವಳಿಗೆ ಹೇಳದೆ ಕೇಳದೆ ಬಂದ ದೋಷ ಒಂದೂ ಇಲ್ಲ."

ಆಗ ನನಗೂ ಹೊಳೆಯಿತು.

ದೋಷಗಳಲ್ಲಿ ಎರಡು ಜಾತಿ ಎಂದು ಅಮ್ಮ ಯಾವಾಗಲೂ ಹೇಳುತ್ತಿದ್ದಳು. ಒಂದು ಕಿರುಚುವಂಥದ್ದು. ಕೆಂಪು ದೀಪ ಹತ್ತುತ್ತದೆ, ಸೈರನ್ ಕೂಗುತ್ತದೆ, ಎಂಥ ಮಂಕನಿಗೂ ಗೊತ್ತಾಗುತ್ತದೆ. ಇನ್ನೊಂದು ಸುಮ್ಮನಿರುವಂಥದ್ದು. ಯಂತ್ರವೊಂದು ಸುಳ್ಳು ಸಂಖ್ಯೆ ತೋರಿಸುತ್ತದೆ, ಕಂಪ್ಯೂಟರು ಅದನ್ನೇ ನಂಬುತ್ತದೆ, ಎಲ್ಲ ದೀಪವೂ ಹಸಿರೇ. ನಿಲ್ದಾಣ ಇನ್ನೂ ದೂರ ಇದೆ ಎಂದುಕೊಂಡು ನೌಕೆ ಬ್ರೇಕು ಹಾಕುವುದೇ ಇಲ್ಲ. ಅದನ್ನು ಹಿಡಿಯಲು ಕಣ್ಣೊಂದೇ ದಾರಿ, ಕಣ್ಣು ಆ ಗಳಿಗೆಯಲ್ಲಿ ಅಲ್ಲೇ ಇರಬೇಕು. ನನ್ನ ಹೆಂಡತಿ ಸುಮ್ಮನಿರುವ ದೋಷ ಹಿಡಿಯುವುದರಲ್ಲಿ ಎತ್ತಿದ ಕೈ ಎಂದು ಹೆಸರಾಗಿದ್ದವಳು. ಈಗ ನೋಡಿದರೆ ಪ್ರತಿಯೊಂದಕ್ಕೂ ಮುಂಚೆ ಅತ್ತೆಯೇ ಗಂಟೆ ಬಾರಿಸಿದ್ದಳು. ಮೇಲೆ ಪೆಪ್ಪರ್‌ಮಿಂಟ್ ಬಿಚ್ಚುವವರು ಯಾರು?

"ಕಾರು ತೆಗಿ" ಎಂದು ಅಮ್ಮ ಎದ್ದಳು. ಊಟ ಹಾಗೇ ಉಳಿಯಿತು.

ನಿಯಂತ್ರಣ ಕೇಂದ್ರದಲ್ಲಿ ಆ ಹಾರಾಟದ ನಿರ್ದೇಶಕನಿಗೆ ಗುಬ್ಬಿ ಎಂದು ಅಡ್ಡಹೆಸರು. ಆಳು ಬೀರುವಿನಷ್ಟಿದ್ದಾನೆ. ಅವನೂ ಒಂದು ಕಾಲದಲ್ಲಿ ಅಮ್ಮನ ಶೆಡ್ಡಿನಲ್ಲಿ ಬೆವರು ಸುರಿಸಿದವನು. ಅಮ್ಮ ವಿಷಯ ಹೇಳಿದಳು. ಅವನು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ಪಾಪ, ನಗು ತಡೆದುಕೊಂಡ.

"ನಮ್ಮ ಕಾಲದಲ್ಲೂ ಇತ್ತು ಮೇಡಂ. ಎಲ್ಲರಿಗೂ ಗೊತ್ತಿತ್ತು."

"ಯಾರೂ ಬಾಯಿ ಬಿಡ್ಲಿಲ್ಲ?"

"ಬಿಟ್ರೆ ನೀವು ನಿಲ್ಲಿಸಿಬಿಡ್ತಿದ್ರಿ."

"ಎರಡು ನಿಮಿಷ ಅವಳ ಜೊತೆ ಮಾತಾಡೋಕೆ ನನ್ನನ್ನ ಬಿಡು."

ಗುಬ್ಬಿಯ ನಗು ಹೋಯಿತು. "ಆಗಲ್ಲ ಮೇಡಂ. ನಿಯಮ ನಿಮಗೆ ಗೊತ್ತಲ್ಲ."

ಗೊತ್ತಿರದೆ ಏನು, ನಿಯಮ ಮಾಡಿದವಳೇ ಅವಳು. ತರಬೇತಿ ಕೊಟ್ಟವರ ದನಿ ಹಾರಾಟದ ದಿನಗಳಲ್ಲಿ ನೌಕೆಯೊಳಗೆ ಕೇಳಿಸಕೂಡದು, ಕೇಳಿಸಿದರೆ ಒಳಗಿದ್ದವರ ಮನಸ್ಸಿನ ಮೂಲೆಯಲ್ಲಿ ಎಲ್ಲೋ ಇದು ತಾಲೀಮು ಅನ್ನಿಸಿಬಿಡುತ್ತದೆ, ಕೈ ಒಂದು ಕ್ಷಣ ತಡವಾಗುತ್ತದೆ. ಜೋಡಣೆಯ ಹಿಂದಿನ ದಿನ ಹೊಸ ಪಾಠ ಯಾವುದನ್ನೂ ಹೇಳಕೂಡದು, ಹೇಳಿದರೆ ಹಳೆಯದೂ ಕದಡುತ್ತದೆ. ಎರಡೂ ಅಮ್ಮನದೇ ಮಾತು. ಕಡ್ಡಿ ಮುರಿದ ಹಾಗೆ ಅಮ್ಮ ಹೇಳಿದ್ದನ್ನೇ ಗುಬ್ಬಿ ಮೆತ್ತಗೆ ಅವಳಿಗೇ ಹೇಳಿದ.

"ಇದು ಜನ ಇಲ್ಲದ ಸಾಮಾನಿನ ನೌಕೆ ಆಗಿದ್ರೆ ಇಲ್ಲಿಂದಲೇ ಹತ್ತು ಸಲ ಹೇಳಿಕೊಡಬಹುದಿತ್ತು" ಎಂದು ಅಮ್ಮ ಗೊಣಗಿದಳು. ಜನರಿಲ್ಲದ ಆ ಖಾಲಿ ನೌಕೆಗಳೂ ಇದೇ ಬಗೆಯವು. ಊಟ, ನೀರು, ಬಟ್ಟೆ ಹೊತ್ತುಕೊಂಡು ಚಾಲಕರಿಲ್ಲದೆ ಹೋಗುತ್ತವೆ. ಅವನ್ನು ಇಲ್ಲಿ ಕೂತವರೇ ನಡೆಸುತ್ತಾರೆ. ಅವು ಎದುರು ಮಾತಾಡುವುದಿಲ್ಲ, ಗಾಬರಿಯಾಗುವುದಿಲ್ಲ, ಮುನಿಸಿಕೊಳ್ಳುವುದಿಲ್ಲ ಎಂದು ಅಮ್ಮ ಅವುಗಳನ್ನು ಬಹಳ ಹೊಗಳುತ್ತಿದ್ದಳು. ಅವಳು ಬಾಯ್ತುಂಬ ಹೊಗಳಿದ್ದು ನಾನು ಕೇಳಿದ್ದರೆ ಖಾಲಿ ನೌಕೆಗಳನ್ನು ಮಾತ್ರ.

"ಜನ ಇರೋದಕ್ಕೇ ನಿಮ್ಮನ್ನ ಇಟ್ಕೊಂಡಿದ್ದು" ಅಂದ ಗುಬ್ಬಿ. "ಸಂಜೆ ಮನೆಯವರು ಮಾತಾಡೋ ಹೊತ್ತಿದೆ. ಅವಳ ಗಂಡ ಮಾತಾಡ್ತಾರೆ. ನೀವು ಪಕ್ಕದಲ್ಲಿ ಕೂರಬಹುದು. ಮಾತಾಡೋ ಹಾಗಿಲ್ಲ. ಕೆಲಸದ ವಿಷಯ ಯಾರೂ ಎತ್ತೋ ಹಾಗಿಲ್ಲ. ಮನೆ ಮಾತು ಮಾತ್ರ."

ಹೊರಗೆ ಬಂದ ಮೇಲೆ ಓಣಿಯಂತಿದ್ದ ಆ ಉದ್ದನೆಯ ಕಾರಿಡಾರಿನಲ್ಲಿ ಅಮ್ಮ ನನ್ನ ತೋಳು ಹಿಡಿದಳು. "ನೀನು ಹೇಳು ಅವಳಿಗೆ. ಅಲ್ಲಿ ಯಾರೂ ಗಂಟೆ ಹೊಡೆಯಲ್ಲ ಅಂತ ಹೇಳು."

"ಕೆಲಸದ ವಿಷಯ ಎತ್ತೋ ಹಾಗಿಲ್ಲ ಅಂದ್ರಲ್ಲ."

"ನಿನ್ನ ಹೆಂಡ್ತಿ ಅವಳು."

"ನೀನೇ ಮಾಡಿದ ನಿಯಮ ಅಮ್ಮ."

ಅವಳು ಕೈ ಬಿಟ್ಟಳು. ಗೋಡೆಗೆ ಒರಗಿ ನಿಂತು, ನನ್ನನ್ನು ನೋಡದೆ, "ಹೆದರಿಸಿದ್ರೂ ಕಷ್ಟ, ಹೇಳದೆ ಇದ್ರೂ ಕಷ್ಟ. ನಾನು ಆ ಹುಡುಗೀನ ಏನು ಮಾಡಿಟ್ಟೆ" ಅಂದಳು. ನನಗೂ ಭಯವಾಗಿತ್ತು. ಅವಳಿಗಿಂತ ಹೆಚ್ಚೇ ಆಗಿತ್ತು, ಯಾಕೆಂದರೆ ನನಗೆ ಈ ಯಂತ್ರಗಳ ಬಗ್ಗೆ ಏನೂ ಗೊತ್ತಿಲ್ಲ. ಗೊತ್ತಿಲ್ಲದವನ ಭಯಕ್ಕೆ ತಳ ಇರುವುದಿಲ್ಲ.

ಸಂಜೆ ನಮ್ಮನ್ನು ಒಂದು ಸಣ್ಣ ಕೋಣೆಯಲ್ಲಿ ಕೂರಿಸಿದರು. ಮೇಜು, ಎರಡು ಕುರ್ಚಿ, ಒಂದು ಮೈಕು, ಗೋಡೆಯಲ್ಲೊಂದು ಸ್ಪೀಕರು. ಬಾಗಿಲ ಹತ್ತಿರ ಕೇಂದ್ರದವಳೊಬ್ಬಳು ಕಿವಿಗೆ ಹೆಡ್‌ಫೋನ್ ಹಾಕಿ ಕೂತಿದ್ದಳು, ಕೆಲಸದ ಮಾತು ಬಂದರೆ ಸಂಪರ್ಕ ಕಡಿಯುವುದು ಅವಳ ಪಾಲಿನ ಕೆಲಸ. ನೌಕೆಯಿಂದ ಚಿತ್ರ ಬರುವುದಿಲ್ಲ, ದನಿ ಮಾತ್ರ.

"ಡಾಕ್ಟ್ರೇ" ಅಂದಳು ನನ್ನ ಹೆಂಡತಿ.

ಏನೇನೋ ಹೇಳಬೇಕೆಂದಿದ್ದೆ, ಎಲ್ಲ ಮರೆತುಹೋಯಿತು. ನಿದ್ದೆ ಬಂತಾ ಅಂದೆ. ಬಂತು ಅಂದಳು, ಕೈಗಳು ತಾವಾಗಿಯೇ ಮೇಲೇಳುತ್ತವೆ, ಎದ್ದಾಗ ಕಣ್ಣ ಮುಂದೆ ಯಾರದೋ ಕೈ ತೇಲುತ್ತಿದೆ ಅಂತ ಹೆದರಿಕೊಂಡೆ, ನನ್ನದೇ ಕೈ. ಹಲ್ಲು ಉಜ್ಜಿದೆಯಾ ಅಂದೆ. ಉಜ್ಜಿದೆ ಅಂದಳು, ಉಗುಳೋ ಹಾಗಿಲ್ಲ, ನುಂಗಬೇಕು, ನಿಮ್ಮ ಪೇಸ್ಟ್ ಒಂದು ಚೂರೂ ರುಚಿ ಇಲ್ಲ.

ಅಮ್ಮ ಪಕ್ಕದಲ್ಲಿ ಎರಡೂ ಕೈ ತುಟಿಯ ಮೇಲೆ ಇಟ್ಟುಕೊಂಡಿದ್ದಳು. ಅವಳ ಕಣ್ಣು ನನ್ನ ಬಾಯಿಯ ಮೇಲೆ. ನಮಗಿದ್ದ ಹೊತ್ತು ಕರಗುತ್ತಿತ್ತು. ಏನು ಹೇಳಲಿ? ಮನೆ ಮಾತು ಮಾತ್ರ. ನನಗೆ ಮನೆ ಮಾತು ಬಿಟ್ಟರೆ ಹಲ್ಲಿನ ಮಾತು ಗೊತ್ತು, ಅಷ್ಟೇ.

"ಮನೇಲೊಂದು ವಿಶೇಷ" ಅಂದೆ. "ಅಮ್ಮ ಪೆಪ್ಪರ್‌ಮಿಂಟ್ ಬಿಟ್ಟುಬಿಟ್ಳು."

ಸ್ಪೀಕರಿನಲ್ಲಿ ಬರೀ ಗಾಳಿಯ ಸದ್ದು. ಒಂದು ಉಪಗ್ರಹದಿಂದ ಇನ್ನೊಂದಕ್ಕೆ ಮಾತು ದಾಟುವಾಗ ನಡುವೆ ಹೀಗೆ ಕಡಿದುಹೋಗುವುದುಂಟು ಎಂದು ಮೊದಲೇ ಹೇಳಿದ್ದರು. ಕಡಿದೇಹೋಯಿತು ಅಂದುಕೊಂಡೆ. ಬಾಗಿಲ ಹತ್ತಿರದವಳತ್ತ ನೋಡಿದೆ. ಅವಳು ಆಕಳಿಸುತ್ತಿದ್ದಳು.

"ಯಾವಾಗಿಂದ?" ಎಂದು ಹೆಂಡತಿಯ ದನಿ ಬಂತು.

"ಇವತ್ತಿಂದ. ಮಧ್ಯಾಹ್ನ ಊಟಕ್ಕೆ ಕೂತಾಗ ನಾನು ಬಾಯಿ ಬಿಟ್ಟೆ."

"ನೀವು ಬೇರೆಯವರ ಬಾಯಿ ಬಿಡಿಸೋದು ಬಿಟ್ಟು ನಿಮ್ದೇ ಬಿಟ್ರಾ." ಆಮೇಲೆ ಕೇಳಿದಳು: "ಅತ್ತೆ ಪಕ್ಕದಲ್ಲೇ ಇದಾರಾ?"

"ಇದಾಳೆ."

"ಊಟ ಮಾಡಿದ್ರಾ?"

"ಇಲ್ಲ."

"ಮಾಡೋಕೆ ಹೇಳಿ."

ಹೊತ್ತಾಯಿತು ಎಂದು ಬಾಗಿಲ ಹತ್ತಿರದವಳು ಕೈ ಎತ್ತಿದಳು. ಸ್ಪೀಕರು ಮೂಕವಾಯಿತು.

"ಅವಳಿಗೆ ಗೊತ್ತಾಯ್ತಾ?" ಅಂದಳು ಅಮ್ಮ.

"ಗೊತ್ತಿಲ್ಲ."

"ಮಾಡೋಕೆ ಹೇಳಿ ಅಂದಾಗ ದನಿ ಹೇಗಿತ್ತು?"

"ಅಮ್ಮ, ನನಗೆ ಗೊತ್ತಿಲ್ಲ."

ಮನೆಗೆ ಬಂದು ಅವಳು ಊಟ ಮಾಡಿದಳು. ಸೊಸೆ ಹೇಳಿದ್ದಾಳೆ ಅಂತ ಮಾಡಿದಳು ಅನ್ನುವುದು ನನಗೆ ಕಂಡಿತು. ಜೇಬಿನಲ್ಲಿದ್ದ ಪೆಪ್ಪರ್‌ಮಿಂಟುಗಳನ್ನೆಲ್ಲ ತೆಗೆದು ನನ್ನ ಮುಂದೆ ಸುರಿದಳು. ಎಷ್ಟೋ ವರ್ಷದಿಂದ ನಾನು ಬಯಸಿದ್ದು ಆಗಿತ್ತು, ಸಂತೋಷವಾಗಲಿಲ್ಲ.

ಮರುದಿನ ಬೆಳಗ್ಗೆ ಜೋಡಣೆ. ನಿಯಂತ್ರಣ ಕೊಠಡಿಯೊಳಗೆ ಅಮ್ಮನಿಗೆ ಪ್ರವೇಶವಿಲ್ಲ. ಮನೆಯವರಿಗೆ ಅಂತ ಪಕ್ಕದಲ್ಲಿ ಒಂದು ಕೋಣೆ ಇದೆ, ಅಲ್ಲಿ ದೊಡ್ಡ ಪರದೆ, ಸ್ಪೀಕರು, ಯಾರೂ ಮುಟ್ಟದ ಬಿಸ್ಕತ್ತು. ಕಮಾಂಡರನ ಮನೆಯವರು ಮುಂದಿನ ಸಾಲಿನಲ್ಲಿ, ನಾವು ಹಿಂದೆ. ಇಷ್ಟು ವರ್ಷ ಈ ಕೇಂದ್ರದಲ್ಲಿ ದುಡಿದಿದ್ದರೂ ಅಮ್ಮ ಆ ಕೋಣೆಯಲ್ಲಿ ಕೂತಿದ್ದು ಅದೇ ಮೊದಲು. ಬೇರೆಯವರ ಮನೆಗೆ ಬಂದವಳ ಹಾಗೆ ಕುರ್ಚಿಯ ತುದಿಯಲ್ಲಿ ಕೂತಿದ್ದಳು.

ಪರದೆಯಲ್ಲಿ ನೌಕೆಯ ಮೂತಿಯಲ್ಲಿದ್ದ ಕ್ಯಾಮೆರಾ ತೋರಿಸುವ ಚಿತ್ರ. ನಡುವೆ ನಿಲ್ದಾಣದ ಬಾಗಿಲು, ಅದರ ಮೇಲೊಂದು ಶಿಲುಬೆಯಂಥ ಗುರುತು, ಚಿತ್ರದ ಮೇಲೆಲ್ಲ ಸಣ್ಣ ಚೌಕಗಳ ಗೆರೆ. ಮೂಲೆಯಲ್ಲಿ ಉಳಿದ ದೂರದ ಸಂಖ್ಯೆ. ಲೇಸರ್ ಬೆಳಕು ಹೋಗಿ ತಾಗಿ ಮರಳಿ ಬಂದು ಆ ದೂರವನ್ನು ಅಳೆಯುತ್ತದೆ. ಇಷ್ಟೆಲ್ಲ ಅಬ್ಬರದಿಂದ ಮೇಲಕ್ಕೆ ಹೋದ ನೌಕೆ ಈಗ ಮಗು ಗೋಡೆ ಹಿಡಿದು ನಡೆಯುವಷ್ಟು ನಿಧಾನವಾಗಿ ಹತ್ತಿರವಾಗುತ್ತಿತ್ತು. ನಡೆಸುತ್ತಿದ್ದುದು ಕಂಪ್ಯೂಟರು. ಹೆಂಡತಿ ಕೈಗಳನ್ನು ಹಿಡಿಕೆಗಳ ಹತ್ತಿರ ಇಟ್ಟುಕೊಂಡು ನೋಡುತ್ತಾ ಕೂತಿರಬೇಕು, ಅಷ್ಟೇ. ಎಲ್ಲ ಸರಿಯಿದ್ದರೆ ಅವಳು ಏನನ್ನೂ ಮುಟ್ಟಬೇಕಾಗಿಲ್ಲ.

"ನೂರು ಮೀಟರ್" ಎಂದು ಅವಳ ದನಿ. "ಎಲ್ಲ ಹಸಿರು."

"ನೂರು ಮೀಟರ್. ಮುಂದುವರಿಯಿರಿ" ಎಂದು ಕೆಳಗಿನವರ ದನಿ.

ಅಮ್ಮ ನನ್ನ ಕೈ ಹಿಡಿದಳು. ಅವಳ ಬಾಯಿ ಒಣಗಿತ್ತು, ನುಂಗುವ ಸದ್ದು ನನಗೆ ಕೇಳಿಸುತ್ತಿತ್ತು. ಅಭ್ಯಾಸ ಬಲದಿಂದ ಇನ್ನೊಂದು ಕೈ ಜೇಬಿಗೆ ಹೋಯಿತು. ಜೇಬು ಖಾಲಿ.

ಆಗ ಸ್ಪೀಕರಿನಲ್ಲಿ ಪರಪರ ಅಂತು.

ಕಾಗದ ಬಿಚ್ಚುವ ಸದ್ದು. ನಿಧಾನವಾಗಿ, ಬೇಕೆಂದೇ, ಮೈಕಿನ ಹತ್ತಿರವೇ ಹಿಡಿದು ಬಿಚ್ಚಿದ ಹಾಗೆ. ಅಮ್ಮ ಬೆಚ್ಚಿಬಿದ್ದು ನನ್ನ ಕೈ ನೋಡಿದಳು, ತನ್ನ ಕೈ ನೋಡಿಕೊಂಡಳು. ಗಾಜಿನ ಆಚೆ ನಿಯಂತ್ರಣ ಕೊಠಡಿಯಲ್ಲಿ ಗುಬ್ಬಿಯ ಬೆನ್ನು ಕಾಣುತ್ತಿತ್ತು. ಆ ಬೀರುವಿನಂಥ ಬೆನ್ನು ಥಟ್ಟನೆ ನೆಟ್ಟಗಾಯಿತು. ಅವನ ಅಕ್ಕಪಕ್ಕದ ಇನ್ನೂ ಮೂರ್ನಾಲ್ಕು ಬೆನ್ನುಗಳೂ ನೆಟ್ಟಗಾದವು. ಅಮ್ಮನ ಕೈಯಲ್ಲಿ ಪಳಗಿದವರು ಯಾರ್ಯಾರು ಎಂದು ಅವತ್ತು ಹಿಂದಿನಿಂದಲೇ ಎಣಿಸಬಹುದಿತ್ತು.

"ಏನದು?" ಎಂದು ಕಮಾಂಡರನ ದನಿ ಕೇಳಿಸಿತು.

"ಏನಿಲ್ಲ" ಅಂದಳು ನನ್ನ ಹೆಂಡತಿ. "ಎಚ್ಚರವಾಗಿರೋಣ ಅಂತ."

ಅಮ್ಮನಿಗೆ ಅರ್ಥವಾಯಿತು. ನನಗಿಂತ ಮೊದಲೇ ಆಯಿತು. "ಅವಳೇ ಬಿಚ್ಚಿದಳು ಕಣೋ" ಅಂದಳು ಪಿಸುದನಿಯಲ್ಲಿ. "ಏನಾದ್ರೂ ಬರೋಕೆ ಮುಂಚೆ ಅವಳೇ ಗಂಟೆ ಹೊಡ್ಕೊಂಡ್ಳು."

ಐವತ್ತು ಮೀಟರ್. ಎಲ್ಲ ಹಸಿರು. ನಲವತ್ತು. ಎಲ್ಲ ಹಸಿರು. ಸೂರ್ಯ ನಿಲ್ದಾಣದ ಬದಿಯಿಂದ ಇಣುಕಿ ಅದರ ಸೌರ ಹಲಗೆಗಳ ಮೇಲೆ ಥಳಥಳಿಸಿದ, ಚಿತ್ರ ಒಂದಿಷ್ಟು ಬಿಳಿಚಿಕೊಂಡು ಮತ್ತೆ ಸರಿಯಾಯಿತು. ಮೂವತ್ತೈದು. ನನಗೇನೂ ವ್ಯತ್ಯಾಸ ಕಾಣಲಿಲ್ಲ. ಅಮ್ಮ ಮಾತ್ರ ಮುಂದಕ್ಕೆ ಬಾಗಿದಳು. ಅವಳ ತುಟಿ ಆಡುತ್ತಿತ್ತು. ಗಾತ್ರ ನೋಡು, ಗಾತ್ರ ನೋಡು ಎಂದು ಸದ್ದಿಲ್ಲದೆ ಹೇಳಿಕೊಳ್ಳುತ್ತಿದ್ದಳು.

"ಸಂಖ್ಯೆ ಮೂವತ್ತು ಅಂತಿದೆ" ಎಂದು ಹೆಂಡತಿಯ ದನಿ ಬಂತು. ಬಟಾಣಿ ಸುಲಿಯುವಾಗ ಮಾತಾಡುವ ಅದೇ ದನಿ. "ಗುರುತು ಚೌಕ ತುಂಬಿಕೊಂಡಿದೆ. ನನ್ನ ಕಣ್ಣಿಗೆ ಇದು ಇಪ್ಪತ್ತು. ಸಂಖ್ಯೆ ಸುಳ್ಳು. ಕೈಗೆ ತಗೋತಿದೀನಿ."

"ತಗೊಳ್ಳಿ" ಎಂಬ ಕೆಳಗಿನವರ ಮಾತು ಮುಗಿಯುವ ಮೊದಲೇ ಚಿತ್ರ ಮೆಲ್ಲಗೆ ಅದುರಿತು. ಅವಳು ನೌಕೆಯನ್ನು ನಿಲ್ಲಿಸಿದ್ದಳು. ಗುರುತು ದೊಡ್ಡದಾಗುವುದು ನಿಂತಿತು. ಆಮೇಲೆ ಎಳ್ಳಷ್ಟೆಳ್ಳಷ್ಟೇ ಚಿಕ್ಕದಾಗತೊಡಗಿತು. ಹಿಂದಕ್ಕೆ ಸರಿಯುತ್ತಿದ್ದಳು. ಮುಂದಿನ ಸಾಲಿನಲ್ಲಿ ಯಾರೋ ಅಳತೊಡಗಿದರು. ನಾನೂ ಅಳುತ್ತಿದ್ದೆ ಅಂತ ಅಮ್ಮ ಆಮೇಲೆ ಹೇಳಿದಳು.

ಬಿಸಿಲು ಲೇಸರಿನ ಕಣ್ಣಿಗೆ ಹೊಡೆದು ಅದು ಸುಳ್ಳು ದೂರ ಹೇಳಿತ್ತು. ನೌಕೆ ಅದೇ ವೇಗದಲ್ಲಿ ಹೋಗಿದ್ದರೆ ಬಾಗಿಲಿಗೆ ಗುದ್ದುತ್ತಿತ್ತು, ಗಾಳಿ ತುಂಬಿದ ಎರಡು ಡಬ್ಬಿಗಳು ಅಲ್ಲಿ ಗುದ್ದಿಕೊಂಡರೆ ಏನಾಗುತ್ತದೆ ಎಂದು ನಾನು ಕೇಳಲಿಲ್ಲ, ಯಾರೂ ಹೇಳಲೂ ಇಲ್ಲ. ಸೂರ್ಯ ಸರಿಯುವವರೆಗೆ ಅವಳು ನೌಕೆಯನ್ನು ಅಲ್ಲೇ ಹಿಡಿದು ನಿಲ್ಲಿಸಿಕೊಂಡಳು. ಕೆಳಗಿನವರು ಎಲ್ಲ ನೋಡಿ ಒಪ್ಪಿಗೆ ಕೊಟ್ಟರು. ಆಮೇಲೆ ಸಂಖ್ಯೆಯ ಕಡೆ ತಿರುಗಿಯೂ ನೋಡದೆ, ಚೌಕ ನೋಡಿಕೊಂಡು, ಕೈಯಲ್ಲೇ ಒಳಗೆ ತಂದಳು. ತಾಗಿದ್ದು ಗೊತ್ತೇ ಆಗಲಿಲ್ಲ. ಚಿತ್ರ ನಿಂತಿತು, ಅಷ್ಟೇ.

"ಜೋಡಣೆ ಆಯ್ತು" ಅಂದಳು.

ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅಮ್ಮ ಏಳಲಿಲ್ಲ. ನಾನು ಅವಳ ಮುಂದೆ ಕುಕ್ಕರಗಾಲಿನಲ್ಲಿ ಕೂತು ಅವಳ ಎರಡೂ ಕೈ ಹಿಡಿದುಕೊಂಡೆ.

ಎರಡು ಬಾಗಿಲುಗಳ ನಡುವಿನ ಗಾಳಿ ಪರೀಕ್ಷೆ ಮಾಡಿ ನಿಲ್ದಾಣದೊಳಗೆ ಹೋಗುವುದಕ್ಕೆ ಅವರಿಗೆ ಮಧ್ಯಾಹ್ನವಾಯಿತು. ಆಗ ಮತ್ತೆ ಮನೆಯವರ ಸರದಿ, ಈ ಸಲ ಚಿತ್ರವೂ ಇತ್ತು. ಜೋಡಣೆ ಮುಗಿದಿದ್ದರಿಂದ ಅಮ್ಮನೂ ಮಾತಾಡಬಹುದಿತ್ತು. ಗುಬ್ಬಿ ತಾನೇ ಬಂದು ಮೈಕನ್ನು ಅವಳ ಮುಂದಕ್ಕೆ ಸರಿಸಿ, ಹೋಗದೆ ಅಲ್ಲೇ ಗೋಡೆಗೆ ಒರಗಿ ನಿಂತ. ಅವನ ಹಿಂದೆ ಅವನ ಹುಡುಗರೂ ಬಂದು ನಿಂತರು. ಶನಿಯ ಬಾಯಿಂದ ಏನು ಬರುತ್ತದೆ ಎಂದು ಕೇಳುವುದು ಎಲ್ಲರಿಗೂ ಬೇಕಾಗಿತ್ತು.

ಹೆಂಡತಿ ತೇಲುತ್ತಾ ಬಂದಳು. ಮುಖ ಊದಿಕೊಂಡಿತ್ತು, ಕೂದಲು ಎಲ್ಲ ದಿಕ್ಕಿಗೂ ಎದ್ದು ನಿಂತಿತ್ತು. ಅಷ್ಟು ಚೆಂದದವಳನ್ನು ನಾನು ನೋಡಿಯೇ ಇರಲಿಲ್ಲ. ಅವಳು ನನ್ನ ಕಡೆ ಒಂದು ಸಲ ನಕ್ಕು ಅಮ್ಮನ ಕಡೆ ತಿರುಗಿದಳು.

"ಅತ್ತೆ, ನಿಮ್ಮ ಡಬ್ಬಿಯಿಂದ ಕೇಳದೆ ಒಂದು ತಗೊಂಡು ಬಂದಿದ್ದೆ" ಅಂದಳು. "ಮನೆ ನೆನಪಿಗೆ ಇರ್ಲಿ ಅಂತ. ಇಲ್ಲಿ ನಿಮ್ಮ ಗಂಟೆ ಇರಲ್ಲ ಅನ್ನೋದು ನನಗೆ ಹೊಳೆದೇ ಇರ್ಲಿಲ್ಲ. ನಿನ್ನೆ ಇವರು ಹೇಳಿದ ಮೇಲೆ ಹೊಳೀತು. ತುಂಬ ಹೆದರಿಕೆ ಆಯ್ತು. ಆಮೇಲೆ, ಯಾವಾಗ ಬರುತ್ತೋ ಗೊತ್ತಿಲ್ಲ ಅಂದ್ರೆ ಈಗಲೇ ಬರ್ತಿದೆ ಅಂತ ಕೂತ್ಕೊಂಡ್ರಾಯ್ತು ಅನ್ನಿಸ್ತು."

ಅಮ್ಮ ತಲೆಯಾಡಿಸಿದಳು.

"ಹೇಗಿತ್ತು ಅತ್ತೆ?" ಅಂದಳು ನನ್ನ ಹೆಂಡತಿ. ಆ ಶೆಡ್ಡಿನಲ್ಲಿ ಒಂದು ಸಲವೂ ಕೇಳಲು ಧೈರ್ಯ ಬಾರದ ಪ್ರಶ್ನೆಯನ್ನು ಅಷ್ಟು ಎತ್ತರದಿಂದ ಕೇಳಿದಳು.

ಅಮ್ಮ ಮೈಕನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡಳು.

"ಇನ್ನೊಂದ್ಸಲ ಬೇಡ" ಅಂದಳು. "ಇನ್ನೊಂದ್ಸಲ ನನ್ನ ಕೈಲಿ ತಡ್ಕೊಳಕ್ಕಾಗಲ್ಲ ಕಣೇ. ತುಂಬ ಚೆನ್ನಾಗಿ ಮಾಡ್ದೆ. ನಾನು ಕಲಿಸಿದ್ದಕ್ಕಿಂತ ಚೆನ್ನಾಗಿ ಮಾಡ್ದೆ. ಇನ್ನು ಬೇಗ ಮನೆಗೆ ಬಾ."

ಅಲ್ಲಿ ಕಣ್ಣೀರು ಕೆಳಗೆ ಹರಿಯುವುದಿಲ್ಲ, ಕಣ್ಣಿನ ಮೇಲೆಯೇ ಗುಂಡಾಗಿ ಕೂತುಬಿಡುತ್ತದೆ. ಹೆಂಡತಿ ಅದನ್ನು ತೋಳಿನಲ್ಲಿ ಒರೆಸಿಕೊಂಡಳು. ಮತ್ತೆ ಗುಂಡಾಯಿತು, ಮತ್ತೆ ಒರೆಸಿಕೊಂಡಳು. ಗುಬ್ಬಿ ಗೋಡೆಯ ಕಡೆ ತಿರುಗಿ ನಿಂತಿದ್ದ.

"ಬರೋದು ಅಂದ್ರೆ ಇಳೀಬೇಕಲ್ಲ ಅತ್ತೆ" ಅಂದಳು ಕೊನೆಗೆ. "ನನ್ನ ಹತ್ರ ಇದ್ದಿದ್ದು ಅದೊಂದೇ. ಆಗ ಏನು ಬಿಚ್ಚಲಿ?"

"ಮುಂದಿನ ತಿಂಗಳು ಸಾಮಾನಿನ ನೌಕೆ ಬರುತ್ತೆ" ಅಂದಳು ಅಮ್ಮ. "ಅದರಲ್ಲಿ ಕಳಿಸ್ತೀನಿ."

ಆ ಸಂಜೆ ಅಮ್ಮ ಊಟವಾದ ತಕ್ಷಣ ಕುರ್ಚಿಯಲ್ಲೇ ನಿದ್ದೆಹೋದಳು. ಅವಳ ಮೇಲೊಂದು ಶಾಲು ಹೊದಿಸಿ, ಬೀದಿ ತುದಿಯ ಅಂಗಡಿಗೆ ಹೋದೆ. ಅಂಗಡಿಯವನು ನನ್ನ ರೋಗಿ. ಇರುವುದರಲ್ಲೆಲ್ಲ ದೊಡ್ಡ ಪೆಪ್ಪರ್‌ಮಿಂಟ್ ಡಬ್ಬಿ ಕೊಡು ಅಂದೆ. ಅವನು ನನ್ನ ಮುಖವನ್ನೇ ನೋಡಿದ. ಒಂದನ್ನು ಹೊರತೆಗೆದು ಕಿವಿಯ ಹತ್ತಿರ ಹಿಡಿದು ಕಾಗದ ಹಿಚುಕಿ ನೋಡಿದೆ. ಸದ್ದು ಸರಿಯಾಗಿತ್ತು.

"ಎರಡು ಡಬ್ಬಿ ಕೊಡು" ಅಂದೆ.